ಎಐ ಏಜೆಂಟ್ ಬರುವ ಮುನ್ನ ನಾವು ಬರೆದಿಡಬೇಕಾದದ್ದು

ಹಾಸನದ ಆಸ್ಪತ್ರೆಯಿರಲಿ, ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಘಟಕವಿರಲಿ, ಎರಡೂ ಜಿಲ್ಲೆಗಳ ಕಾಲೇಜು, ಹಾಲಿನ ಸಂಘ, ಪತ್ತಿನ ಸಹಕಾರ ಸಂಘಗಳಿರಲಿ, ಕಂಪ್ಯೂಟರ್ ವ್ಯವಸ್ಥೆ ಕೈಕೊಟ್ಟಾಗ ಕರೆ ಹೋಗುವುದು ಒಬ್ಬರಿಗೋ ಇಬ್ಬರಿಗೋ. ಮಳೆಗಾಲದಲ್ಲಿ ಯಾವ ಸ್ವಿಚ್ ಮೊದಲು ಕೆಡುತ್ತದೆ, ವಿದ್ಯುತ್ ಹೋಗಿ ಬಂದಾಗ ಯಾವ ಸರ್ವರ್ ಅನ್ನು ಮೊದಲು ಆನ್ ಮಾಡಬೇಕು, ತಿಂಗಳ ಕೊನೆಯಲ್ಲಿ ಯಾವ ತಂತ್ರಾಂಶವನ್ನು ಮುಟ್ಟಲೇಬಾರದು ಎಂಬುದೆಲ್ಲ ಅವರ ತಲೆಯಲ್ಲಿದೆ. ಬರಹದಲ್ಲಿ ಎಲ್ಲಿಯೂ ಇಲ್ಲ. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಅವರು ಹೊರಟರೆ ಆ ತಿಳಿವಳಿಕೆಯೂ ಅವರೊಂದಿಗೆ ಬಸ್ಸು ಹತ್ತುತ್ತದೆ.

ಇಂಥ ಸಂಸ್ಥೆಗಳ ಕೈಗೆಟಕುವ ದೂರಕ್ಕೆ ಈಗ ಎಐ ಏಜೆಂಟ್ ಬಂದಿದೆ. ಸರ್ವೀಸ್‌ನೌ, ಫ್ರೆಶ್‌ವರ್ಕ್ಸ್, ಜೋಹೊ ಮುಂತಾದ ಕಂಪನಿಗಳು ತಮ್ಮ ಹೆಲ್ಪ್‌ಡೆಸ್ಕ್ ತಂತ್ರಾಂಶಗಳಲ್ಲಿ ಅದನ್ನು ಸೇರಿಸಿವೆ. ದೂರು ಬಂದ ಕೂಡಲೇ ಓದಿ, ಕಾರಣ ಹುಡುಕಿ, ಸರಿಪಡಿಸಿ, ಟಿಕೆಟ್ (ದೂರಿನ ದಾಖಲೆ) ಮುಚ್ಚುವುದು ಅದರ ಭರವಸೆ. ಕೊಳ್ಳುವವರು ಯಾವ ಮಾದರಿ, ತಿಂಗಳಿಗೆ ಎಷ್ಟು ಎಂದು ಕೇಳುತ್ತಾರೆ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಏಜೆಂಟ್‌ನ ಕೈಗೆ ನಾವು ಕೊಡಲಿರುವ ಉಪಕರಣಗಳ ಬಗ್ಗೆ ಏನನ್ನು ಬರೆದಿಟ್ಟಿದ್ದೇವೆ? ಏಜೆಂಟ್ ಉಪಕಾರಿಯಾಗುತ್ತದೋ ಅಪಾಯಕಾರಿಯಾಗುತ್ತದೋ ಎಂಬುದು ಬಹುಮಟ್ಟಿಗೆ ಈ ಉತ್ತರದ ಮೇಲೆ ನಿಂತಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಏಜೆಂಟ್ ಎಂದರೆ ಭಾಷಾ ಮಾದರಿಯೊಂದಕ್ಕೆ (ಪಠ್ಯ ಓದಿ ಉತ್ತರ ಬರೆಯುವ ಎಐ ತಂತ್ರಾಂಶಕ್ಕೆ) ಕೆಲವು ಉಪಕರಣಗಳನ್ನು ಜೋಡಿಸಿದ ವ್ಯವಸ್ಥೆ. ಇಲ್ಲಿ ಉಪಕರಣವೆಂದರೆ ಒಂದು ನಿರ್ದಿಷ್ಟ ಕೆಲಸ ಮಾಡುವ ಸಣ್ಣ ಪ್ರೋಗ್ರಾಂ. ಲಾಕ್ ಆದ ಖಾತೆಯನ್ನು ಬಿಡಿಸುವುದು, ಡಿಸ್ಕ್‌ನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ನೋಡುವುದು, ಸರ್ವರ್‌ನ ಒಂದು ಸೇವೆಯನ್ನು ರೀಸ್ಟಾರ್ಟ್ ಮಾಡುವುದು ಇತ್ಯಾದಿ. ಮಾದರಿ ತಾನಾಗಿ ಇವುಗಳಲ್ಲಿ ಯಾವುದನ್ನೂ ನಡೆಸುವುದಿಲ್ಲ. ಪ್ರತಿ ಉಪಕರಣದ ಹೆಸರು, ಅದರ ವಿವರಣೆ, ಅದಕ್ಕೆ ಕೊಡಬೇಕಾದ ಮಾಹಿತಿ, ಇಷ್ಟನ್ನು ಅದು ಓದುತ್ತದೆ. ಓದಿ, ಇಂಥದ್ದನ್ನು ಇಂಥ ಮಾಹಿತಿಯೊಂದಿಗೆ ನಡೆಸಬೇಕು ಎಂದು ಬರೆದುಕೊಡುತ್ತದೆ. ಬೇರೊಂದು ತಂತ್ರಾಂಶ ಅದನ್ನು ನಡೆಸಿ ಫಲಿತಾಂಶವನ್ನು ಹಿಂದಿರುಗಿಸುತ್ತದೆ. ಅದನ್ನು ಓದಿ ಮಾದರಿ ಮುಂದಿನ ಹೆಜ್ಜೆ ತೀರ್ಮಾನಿಸುತ್ತದೆ. ಓಪನ್‌ಎಐ 2023ರ ಜೂನ್‌ನಲ್ಲಿ ತನ್ನ ಮಾದರಿಗಳಿಗೆ ಈ ಸೌಲಭ್ಯವನ್ನು ಒದಗಿಸಿತು. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಕಂಪನಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ (ಎಂಸಿಪಿ) ಎಂಬ ಮುಕ್ತ ಮಾನಕವನ್ನು ಪ್ರಕಟಿಸಿದ ಮೇಲೆ, ಒಮ್ಮೆ ಬರೆದ ಉಪಕರಣವನ್ನು ಬೇರೆ ಬೇರೆ ಏಜೆಂಟ್‌ಗಳಿಗೆ ಜೋಡಿಸುವುದು ಸುಲಭವಾಯಿತು.

ಇಡೀ ವ್ಯವಸ್ಥೆಯ ತಿರುಗಣಿ ಇರುವುದು ಆ ವಿವರಣೆಯಲ್ಲಿ. ಉಪಕರಣದೊಳಗಿನ ಕೋಡ್ ಮಾದರಿಗೆ ಕಾಣುವುದಿಲ್ಲ. ಅದನ್ನು ಬರೆದವರ ಅನುಭವ ಕಾಣುವುದಿಲ್ಲ. ನಾವು ಎರಡು ಸಾಲು ಬರೆದಿದ್ದರೆ ಆ ಎರಡು ಸಾಲುಗಳೇ ಅದರ ಸಂಪೂರ್ಣ ಜ್ಞಾನ.

ಹಾಸನದ ಒಂದು ಮಧ್ಯಮ ಗಾತ್ರದ ಆಸ್ಪತ್ರೆಯನ್ನು ಕಲ್ಪಿಸಿಕೊಳ್ಳಿ. ಬೆಳಗಿನ ಹನ್ನೊಂದು ಗಂಟೆ. ಹೊಳೆನರಸೀಪುರ, ಅರಕಲಗೂಡು, ಆಲೂರಿನಿಂದ ಬಂದವರೆಲ್ಲ ಬಿಲ್ಲಿಂಗ್ ಕೌಂಟರ್ ಮುಂದೆ ಸಾಲುಗಟ್ಟಿದ್ದಾರೆ. ಮೂರನೆಯ ಕೌಂಟರ್‌ನಿಂದ ‘ಪ್ರಿಂಟ್ ಬರುತ್ತಿಲ್ಲ’ ಎಂಬ ಟಿಕೆಟ್ ಬರುತ್ತದೆ. ಏಜೆಂಟ್‌ನ ಬಳಿ ‘ಸ್ಪೂಲರ್ ರೀಸ್ಟಾರ್ಟ್’ ಎಂಬ ಉಪಕರಣವಿದೆ. ‘ಪ್ರಿಂಟ್ ಸ್ಪೂಲರ್ ಸೇವೆಯನ್ನು ರೀಸ್ಟಾರ್ಟ್ ಮಾಡುತ್ತದೆ’ ಎಂಬುದಷ್ಟೇ ಅದರ ವಿವರಣೆ. ವಿಂಡೋಸ್‌ನಲ್ಲಿ ಮುದ್ರಣಕ್ಕೆ ಬಂದ ಕಡತಗಳನ್ನು ಸರತಿಯಲ್ಲಿ ನಿಲ್ಲಿಸಿ ಒಂದೊಂದಾಗಿ ಪ್ರಿಂಟರ್‌ಗೆ ಕಳುಹಿಸುವ ಸೇವೆಗೆ ಸ್ಪೂಲರ್ ಎಂದು ಹೆಸರು. ಏಜೆಂಟ್ ಅದನ್ನು ರೀಸ್ಟಾರ್ಟ್ ಮಾಡುವುದು ಸಹಜ. ಆದರೆ ಬಿಲ್ಲಿಂಗ್, ಔಷಧ ವಿಭಾಗ, ಪ್ರಯೋಗಾಲಯ ಮೂರೂ ಒಂದೇ ಪ್ರಿಂಟ್ ಸರ್ವರ್ ಬಳಸುತ್ತಿದ್ದರೆ ಒಂದು ಕೌಂಟರ್‌ನ ದೂರಿಗಾಗಿ ಎಲ್ಲ ಪ್ರಿಂಟರ್‌ಗಳೂ ನಿಲ್ಲುತ್ತವೆ. ಮತ್ತೊಂದು ತೊಡಕೂ ಇದೆ. ಸ್ಪೂಲರ್ ರೀಸ್ಟಾರ್ಟ್ ಆದಾಗ ಸರತಿಯಲ್ಲಿದ್ದ ಕಡತಗಳು ಅಳಿಸಿಹೋಗುವುದಿಲ್ಲ. ಕೆಟ್ಟ ಕಡತವೊಂದು ದಾರಿಗೆ ಅಡ್ಡಬಿದ್ದಿದ್ದರೆ ರೀಸ್ಟಾರ್ಟ್ ಆದ ಮೇಲೂ ಅದೇ ಮತ್ತೆ ಅಡ್ಡಬೀಳುತ್ತದೆ. ಏಜೆಂಟ್ ಮತ್ತೊಮ್ಮೆ ರೀಸ್ಟಾರ್ಟ್ ಮಾಡುತ್ತದೆ.

ಅಲ್ಲಿನ ಸಿಬ್ಬಂದಿಗೆ ಇದೆಲ್ಲ ಗೊತ್ತು. ಬರೆದಿಲ್ಲ, ಅಷ್ಟೇ. ಬರೆದಿದ್ದರೆ ಅದು ಹೀಗಿರುತ್ತಿತ್ತು: ‘ಪ್ರಿಂಟ್ ಸರ್ವರ್‌ನಲ್ಲಿ ಸ್ಪೂಲರ್ ಸೇವೆಯನ್ನು ನಿಲ್ಲಿಸಿ ಮತ್ತೆ ಆರಂಭಿಸುತ್ತದೆ. ಬಿಲ್ಲಿಂಗ್, ಔಷಧ ವಿಭಾಗ, ಪ್ರಯೋಗಾಲಯದ ಎಲ್ಲ ಪ್ರಿಂಟರ್‌ಗಳೂ ಈ ಸರ್ವರ್‌ನಲ್ಲಿವೆ. ನಡೆಸಿದಾಗ ಎಲ್ಲವೂ ಸ್ವಲ್ಪ ಹೊತ್ತು ನಿಲ್ಲುತ್ತವೆ. ಒಂದೇ ಪ್ರಿಂಟರ್‌ನ ದೂರಾಗಿದ್ದರೆ ಬಳಸಬೇಡಿ; ಮೊದಲು ಆ ಪ್ರಿಂಟರ್‌ನ ಸರತಿಯನ್ನು ನೋಡಿ, ಸಿಕ್ಕಿಕೊಂಡ ಮುದ್ರಣವಿದ್ದರೆ ಅದೊಂದನ್ನೇ ರದ್ದುಮಾಡಿ. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ ಮೇಲ್ವಿಚಾರಕರ ಒಪ್ಪಿಗೆಯಿಲ್ಲದೆ ನಡೆಸುವಂತಿಲ್ಲ. ಒಮ್ಮೆ ನಡೆಸಿಯೂ ಸರಿಯಾಗದಿದ್ದರೆ ಎರಡನೆಯ ಸಲ ಪ್ರಯತ್ನಿಸದೆ ಟಿಕೆಟ್ ಅನ್ನು ಸಿಬ್ಬಂದಿಗೆ ವರ್ಗಾಯಿಸಿ.’ ಉಪಕರಣ ಏನು ಮಾಡುತ್ತದೆ ಎಂಬುದಕ್ಕೆ ಇಲ್ಲಿ ಒಂದೇ ವಾಕ್ಯ. ಯಾವಾಗ ಬಳಸಬಾರದು, ಯಾರಿಗೆಲ್ಲ ತಟ್ಟುತ್ತದೆ, ಎಲ್ಲಿ ನಿಲ್ಲಬೇಕು ಎಂಬುದು ಉಳಿದದ್ದೆಲ್ಲ. ಇಂದು ನಮ್ಮ ಸಂಸ್ಥೆಗಳಲ್ಲಿ ಅಲ್ಪಸ್ವಲ್ಪ ಬರಹವಿದ್ದರೆ ಅದು ಮೊದಲ ವಾಕ್ಯದಲ್ಲೇ ಮುಗಿಯುತ್ತದೆ.

ಕಾರ್ಯವಿಧಾನವನ್ನು ಬರೆದಿಡುವುದರಿಂದ ಮನುಷ್ಯರಿಗೂ ದೊಡ್ಡ ಲಾಭವಿದೆ. ಪ್ಲೇಬುಕ್, ಅಂದರೆ ತೊಂದರೆ ಬಂದಾಗ ಅನುಸರಿಸಬೇಕಾದ ಹೆಜ್ಜೆಗಳ ಪಟ್ಟಿ, ಬರೆದಿಟ್ಟುಕೊಂಡರೆ ಆ ಹೊತ್ತಿಗೆ ತೋಚಿದಂತೆ ಮಾಡುವುದಕ್ಕಿಂತ ದುರಸ್ತಿಯ ಸಮಯ ಸುಮಾರು ಮೂರು ಪಟ್ಟು ಸುಧಾರಿಸುತ್ತದೆ ಎಂದು ಗೂಗಲ್‌ನ ಎಂಜಿನಿಯರ್‌ಗಳು 2016ರಲ್ಲೇ ಹೇಳಿದ್ದರು. ಆದರೆ ಮನುಷ್ಯ ಓದುಗ ಬರಹದಲ್ಲಿ ಬಿಟ್ಟುಹೋದದ್ದನ್ನು ತಾನೇ ತುಂಬಿಕೊಳ್ಳುತ್ತಾನೆ. ಅನುಮಾನ ಬಂದರೆ ಪಕ್ಕದ ಮೇಜಿನವರನ್ನು ಕೇಳುತ್ತಾನೆ. ಏಜೆಂಟ್ ಕೂಡ ಖಾಲಿ ಜಾಗವನ್ನು ತುಂಬಿಕೊಳ್ಳುತ್ತದೆ, ಜಗತ್ತಿನ ಸಾವಿರಾರು ಕಚೇರಿಗಳ ಬಗ್ಗೆ ಓದಿದ ಸಾಮಾನ್ಯ ತಿಳಿವಳಿಕೆಯಿಂದ. ಆ ಊಹೆ ಹಲವು ಸಲ ಸರಿಯಾಗುತ್ತದೆ. ನಮ್ಮ ಆಸ್ಪತ್ರೆಗಷ್ಟೇ ವಿಶಿಷ್ಟವಾದ ಸಂಗತಿ ಇರುವ ಕಡೆಯಲ್ಲೇ ಅದು ತಪ್ಪುತ್ತದೆ, ಮತ್ತು ತಪ್ಪಿದಾಗಲೂ ಅಷ್ಟೇ ಆತ್ಮವಿಶ್ವಾಸದಿಂದ ಮುಂದುವರಿಯುತ್ತದೆ.

ಲಾಗಿನ್ ದೂರುಗಳಲ್ಲಿಯೂ ಇದೇ ಸಮಸ್ಯೆಯಿದೆ. ಕಾಲೇಜೊಂದರ ಅಧ್ಯಾಪಕರ ಖಾತೆ ಪದೇ ಪದೇ ಲಾಕ್ ಆಗುತ್ತಿದೆ ಎಂದುಕೊಳ್ಳೋಣ. ಅನ್‌ಲಾಕ್ ಮಾಡುವ ಉಪಕರಣ ಪ್ರತಿ ಸಲವೂ ಯಶಸ್ವಿ, ಟಿಕೆಟ್ ಪ್ರತಿ ಸಲವೂ ಮುಚ್ಚುತ್ತದೆ, ಅರ್ಧ ಗಂಟೆಯಲ್ಲಿ ಖಾತೆ ಮತ್ತೆ ಲಾಕ್. ಪಾಸ್‌ವರ್ಡ್ ಬದಲಿಸಿದ ಮೇಲೂ ಹಳೆಯ ಪಾಸ್‌ವರ್ಡ್ ಉಳಿಸಿಕೊಂಡ ಮೊಬೈಲ್ ಅಥವಾ ಪ್ರಯೋಗಾಲಯದ ಯಾವುದೋ ಕಂಪ್ಯೂಟರ್ ಹಿನ್ನೆಲೆಯಲ್ಲಿ ಪ್ರಯತ್ನಿಸುತ್ತಲೇ ಇರುವುದು ಇದಕ್ಕೆ ಸಾಮಾನ್ಯ ಕಾರಣ. ಸಂಸ್ಥೆಯ ಲಾಗಿನ್ ಖಾತೆಗಳನ್ನು ನೋಡಿಕೊಳ್ಳುವ ಸರ್ವರ್ ಆದ ವಿಂಡೋಸ್ ಡೊಮೇನ್ ಕಂಟ್ರೋಲರ್‌ನಲ್ಲಿ 4740 ಸಂಖ್ಯೆಯ ದಾಖಲೆ ನೋಡಿದರೆ ಲಾಕ್‌ಗೆ ಕಾರಣವಾದ ಯಂತ್ರದ ಹೆಸರು ಸಾಮಾನ್ಯವಾಗಿ ಸಿಗುತ್ತದೆ. ‘ಅನ್‌ಲಾಕ್ ಮಾಡುವ ಮೊದಲು 4740 ನೋಡಿ, ಒಂದೇ ದಿನ ಎರಡನೆಯ ಸಲವಾದರೆ ಅನ್‌ಲಾಕ್ ಮಾಡಬೇಡಿ, ಕಾರಣವಾದ ಯಂತ್ರವನ್ನು ಹುಡುಕಿ’ ಎಂಬ ಸೂಚನೆ ವಿವರಣೆಯಲ್ಲಿ ಇಲ್ಲದಿದ್ದರೆ, ತಿಂಗಳ ಕೊನೆಯ ವರದಿಯಲ್ಲಿ ಏಜೆಂಟ್ ಹತ್ತಾರು ಟಿಕೆಟ್ ಬಗೆಹರಿಸಿದಂತೆ ಕಾಣುತ್ತದೆ. ಅಧ್ಯಾಪಕರ ಸಮಸ್ಯೆ ಇದ್ದಲ್ಲೇ ಇರುತ್ತದೆ.

ಮಲೆನಾಡಿನ ಸಂಸ್ಥೆಗಳು ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದ ವಿಷಯ ಬೇರೆಯೇ ಇದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಯ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ವಿದ್ಯುತ್ ಹೋಗುತ್ತದೆ, ಗುಡ್ಡ ಕುಸಿದು ಕೇಬಲ್ ತುಂಡಾಗುತ್ತದೆ, ನೆಟ್‌ವರ್ಕ್ ಬರುತ್ತದೆ, ಹೋಗುತ್ತದೆ. ಹಾಲು ಉತ್ಪಾದಕರ ಸಂಘವೊಂದು ರೈತರ ಖಾತೆಗಳಿಗೆ ಹಾಲಿನ ಹಣವನ್ನು ಒಟ್ಟಾಗಿ ಕಳುಹಿಸುವ ತಂತ್ರಾಂಶ ಬಳಸುತ್ತಿದೆ ಎಂದು ಇಟ್ಟುಕೊಳ್ಳೋಣ. ಪಾವತಿ ಸಿಕ್ಕಿಕೊಂಡಿದೆ ಎಂಬ ದೂರು ಬರುತ್ತದೆ. ಏಜೆಂಟ್ ‘ಪಾವತಿ ಪಟ್ಟಿಯನ್ನು ಮತ್ತೆ ಕಳುಹಿಸು’ ಎಂಬ ಉಪಕರಣವನ್ನು ನಡೆಸುತ್ತದೆ. ಉತ್ತರ ಬರುವ ಮುನ್ನ ಸಂಪರ್ಕ ಕಡಿದು ‘ಟೈಮ್‌ಔಟ್’ ಎಂಬ ಸಂದೇಶ ಕಾಣಿಸುತ್ತದೆ.

ಟೈಮ್‌ಔಟ್ ಆಯಿತು ಎಂದಾಕ್ಷಣ ಕೆಲಸ ಆಗಲಿಲ್ಲ ಎಂದು ಅರ್ಥವಲ್ಲ. ಆದೇಶ ಬ್ಯಾಂಕ್ ತಲುಪಿ, ಹಣ ಹೋಗಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿರಬಹುದು. ಏನೂ ಬರೆದಿಲ್ಲದ ಉಪಕರಣವಾದರೆ ಏಜೆಂಟ್ ಮತ್ತೆ ಪ್ರಯತ್ನಿಸುತ್ತದೆ. ರೈತರಿಗೆ ಎರಡು ಸಲ ಹಣ ಹೋಗುತ್ತದೆ. ಸಂಘ ಅದನ್ನು ವಾಪಸ್ ಕೇಳಬೇಕಾದ ಪರಿಸ್ಥಿತಿ ಎಷ್ಟು ನೋವಿನದೆಂದು ಹಳ್ಳಿಯಲ್ಲಿ ಬದುಕಿದವರಿಗೆ ವಿವರಿಸಬೇಕಿಲ್ಲ. ಆದ್ದರಿಂದ ಬದಲಾವಣೆ ಮಾಡುವ ಪ್ರತಿ ಉಪಕರಣದ ವಿವರಣೆಯಲ್ಲಿ ಮೂರು ವಿಷಯಗಳು ಇರಲೇಬೇಕು: ಎರಡನೆಯ ಸಲ ನಡೆಸಿದರೆ ಏನಾಗುತ್ತದೆ, ಉತ್ತರ ಬಾರದಿದ್ದರೆ ಸ್ಥಿತಿಯನ್ನು ಯಾವ ಉಪಕರಣದಿಂದ ತಿಳಿಯಬೇಕು, ಅರ್ಧ ಮಾತ್ರ ಮುಗಿದಿದ್ದರೆ ಯಾರನ್ನು ಕರೆಯಬೇಕು. ಇದರೊಂದಿಗೆ ಉಪಕರಣವನ್ನೇ ತಿದ್ದಿ, ಪ್ರತಿ ಪಟ್ಟಿಗೂ ಒಂದು ವಿಶಿಷ್ಟ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ತಿರಸ್ಕರಿಸುವಂತೆ ಮಾಡಬೇಕು. ಪಾವತಿ ತಂತ್ರಾಂಶ ಬರೆಯುವವರಿಗೆ ಇದು ಹಳೆಯ ಪಾಠ. ಏಜೆಂಟ್ ಬಂದ ಮೇಲೆ ಪ್ರಿಂಟರ್ ಮತ್ತು ಪಾಸ್‌ವರ್ಡ್ ನೋಡಿಕೊಳ್ಳುವವರೂ ಇದನ್ನು ಕಲಿಯಬೇಕಾಗಿದೆ.

ದೋಷ ಸಂದೇಶವೂ ದಾಖಲೆಯ ಭಾಗವೇ, ಏಕೆಂದರೆ ಏಜೆಂಟ್ ಅದನ್ನು ಓದಿಯೇ ಮುಂದಿನ ಹೆಜ್ಜೆ ಇಡುತ್ತದೆ. ‘ವಿಫಲ’ ಎಂದಷ್ಟೇ ಹೇಳುವ ಉಪಕರಣ ಅದನ್ನು ಕತ್ತಲಲ್ಲಿ ಬಿಡುತ್ತದೆ. ವೆಬ್ ಸೇವೆಗಳ ಸಂಖ್ಯೆಗಳಲ್ಲಿ 503 ಎಂದರೆ ಸೇವೆ ಸದ್ಯಕ್ಕೆ ಲಭ್ಯವಿಲ್ಲ, ಕಾದು ಪ್ರಯತ್ನಿಸಬಹುದು. 403 ಎಂದರೆ ಅನುಮತಿಯಿಲ್ಲ, ನೂರು ಸಲ ಪ್ರಯತ್ನಿಸಿದರೂ ಫಲವಿಲ್ಲ. ಇಂಥ ವ್ಯತ್ಯಾಸವನ್ನು ನಮ್ಮ ಸ್ವಂತ ಉಪಕರಣಗಳ ಸಂದೇಶಗಳೂ ಬಾಯಿಬಿಟ್ಟು ಹೇಳಬೇಕು.

ಕೆಲಸ ಮಾಡಿದ ಮೇಲೆ ಆಗಿದೆಯೇ ಎಂದು ನೋಡುವ ಶಿಸ್ತಿಗೆ ಹಾಸನದವರು ದೂರ ಹೋಗಬೇಕಿಲ್ಲ. ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಈ ಊರಿನಲ್ಲಿದೆ. ದೇಶದ ಭೂಸ್ಥಿರ ಉಪಗ್ರಹಗಳಿಗೆ ಇಲ್ಲಿಂದ ಆದೇಶಗಳು ಹೋಗುತ್ತವೆ. ಉಪಗ್ರಹ ನಿಯಂತ್ರಣದಲ್ಲಿ ಆದೇಶ ಕಳುಹಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಉಪಗ್ರಹ ಹಿಂದಿರುಗಿ ಕಳುಹಿಸುವ ಮಾಹಿತಿಯಾದ ಟೆಲಿಮೆಟ್ರಿಯಲ್ಲಿ ಸ್ಥಿತಿ ಬದಲಾದದ್ದು ಕಂಡ ಮೇಲೆಯೇ ಮುಂದಿನ ಹೆಜ್ಜೆ. ಐಟಿ ಉಪಕರಣದ ವಿವರಣೆಯಲ್ಲಿಯೂ ‘ನಡೆಸಿದ ಮೇಲೆ ಪರೀಕ್ಷಾ ಪುಟವೊಂದನ್ನು ಮುದ್ರಿಸಿ, ಸರತಿ ಖಾಲಿಯಾದದ್ದನ್ನು ಖಚಿತಪಡಿಸಿಕೊಂಡು ನಂತರ ಟಿಕೆಟ್ ಮುಚ್ಚಿ’ ಎಂಬ ವಾಕ್ಯ ಬೇಕು. ಅದಿಲ್ಲದಿದ್ದರೆ ಉಪಕರಣ ದೋಷವಿಲ್ಲದೆ ಓಡಿತು ಎಂಬುದನ್ನೇ ಏಜೆಂಟ್ ಪರಿಹಾರವೆಂದು ಭಾವಿಸುತ್ತದೆ.

ದೂರು ಕೊಡುವವರ ಮಾತನ್ನೂ ಬರೆದಿಡಬೇಕು. ನಾಡಕಚೇರಿಯಿಂದ ಖಾಸಗಿ ಫೈನಾನ್ಸ್ ಕಚೇರಿಯವರೆಗೆ ಎಲ್ಲ ಕೌಂಟರ್‌ಗಳಲ್ಲಿ ನಾವು ಕೇಳುವುದು ‘ಸರ್ವರ್ ಡೌನ್’ ಎಂಬ ಒಂದೇ ಉತ್ತರ. ರೂಟರ್‌ನ ವಯರ್ ಸಡಿಲವಾಗಿದ್ದರೂ, ಯುಪಿಎಸ್ ಸತ್ತಿದ್ದರೂ, ಒಟಿಪಿ ಬಾರದಿದ್ದರೂ, ನಿಜಕ್ಕೂ ಬೆಂಗಳೂರಿನ ಡೇಟಾ ಸೆಂಟರ್‌ನಲ್ಲಿ ತೊಂದರೆಯಿದ್ದರೂ ಅದೇ. ಈ ಟಿಕೆಟ್ ಓದಿದ ಏಜೆಂಟ್ ಸರ್ವರ್‌ನ ಕಡೆಗೆ ಓಡುತ್ತದೆ. ನಮ್ಮ ಅನುಭವಸ್ಥ ಸಿಬ್ಬಂದಿ ಮೊದಲು ಕೇಳುವುದು ‘ಪಕ್ಕದ ಕಂಪ್ಯೂಟರ್‌ನಲ್ಲಿ ಬರುತ್ತದೆಯೇ?’ ಎಂದು. ಆ ಒಂದು ಪ್ರಶ್ನೆ ಅರ್ಧ ಕಾರಣಗಳನ್ನು ಬದಿಗೆ ಸರಿಸುತ್ತದೆ. ಜನ ಏನು ಹೇಳುತ್ತಾರೆ, ಅದರ ಹಿಂದೆ ಏನೆಲ್ಲ ಇರಬಹುದು, ಯಾವ ಕ್ರಮದಲ್ಲಿ ಪರೀಕ್ಷಿಸಬೇಕು ಎಂಬುದನ್ನು ಕನ್ನಡದಲ್ಲೇ ಬರೆದಿಡುವುದು ಒಳ್ಳೆಯದು. ಟಿಕೆಟ್‌ಗಳು ಬರುವುದು ಕನ್ನಡದಲ್ಲಿ, ಕೆಲವೊಮ್ಮೆ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿದ ಕನ್ನಡದಲ್ಲಿ. ಇಂದಿನ ದೊಡ್ಡ ಮಾದರಿಗಳು ಎರಡನ್ನೂ ತಕ್ಕಮಟ್ಟಿಗೆ ಅರ್ಥಮಾಡಿಕೊಳ್ಳುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಬರೆದದ್ದು ಸರಿಯೇ ಎಂದು ಅಲ್ಲಿನ ಸಿಬ್ಬಂದಿ ತಮ್ಮ ಭಾಷೆಯಲ್ಲಿ ಓದಿ ತಿದ್ದುವಂತಿರಬೇಕು.

ಹಾಗೆಂದು ದಾಖಲೆ ಚೆನ್ನಾಗಿದ್ದರೆ ಎಲ್ಲವೂ ಸುರಕ್ಷಿತ ಎಂದು ನಂಬುವುದು ಅಪಾಯಕರ. 2025ರ ಜುಲೈನಲ್ಲಿ ರೆಪ್ಲಿಟ್ ಕಂಪನಿಯ ಎಐ ಏಜೆಂಟ್, ಏನನ್ನೂ ಬದಲಿಸಬಾರದು ಎಂಬ ಸ್ಪಷ್ಟ ಸೂಚನೆಯಿದ್ದರೂ ಗ್ರಾಹಕರೊಬ್ಬರ ಚಾಲ್ತಿ ಡೇಟಾಬೇಸ್ ಅನ್ನು ಅಳಿಸಿಹಾಕಿತು. ಕಂಪನಿಯ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೇಳಿದರು. ಬರೆದ ನಿಷೇಧ ಬೀಗದ ಕೆಲಸ ಮಾಡುವುದಿಲ್ಲ. ಮನುಷ್ಯರ ವಿಷಯದಲ್ಲಿಯೂ ಇದು ಸತ್ಯ. 2017ರ ಫೆಬ್ರುವರಿ 28ರಂದು ಅಮೆಜಾನ್‌ನ ಎಸ್3 ಸಂಗ್ರಹ ಸೇವೆ ಗಂಟೆಗಟ್ಟಲೆ ಸ್ಥಗಿತಗೊಂಡಾಗ, ಸಿಬ್ಬಂದಿಯೊಬ್ಬರು ಅಧಿಕೃತ ಪ್ಲೇಬುಕ್‌ನ ಆದೇಶವನ್ನೇ ನಡೆಸುತ್ತಿದ್ದರು. ಆದೇಶಕ್ಕೆ ಕೊಟ್ಟ ಮಾಹಿತಿಯಲ್ಲಿ ಒಂದು ತಪ್ಪಾಗಿ, ಉದ್ದೇಶಿಸಿದ್ದಕ್ಕಿಂತ ಹೆಚ್ಚು ಸರ್ವರ್‌ಗಳು ಸೇವೆಯಿಂದ ಹೊರಬಿದ್ದವು. ಅಮೆಜಾನ್ ಆಮೇಲೆ ಉಪಕರಣವನ್ನೇ ತಿದ್ದಿತು. ಸರ್ವರ್‌ಗಳನ್ನು ನಿಧಾನವಾಗಿ ಮಾತ್ರ ತೆಗೆಯುವಂತೆ, ಕನಿಷ್ಠ ಮಟ್ಟಕ್ಕಿಂತ ಕೆಳಗೆ ಹೋಗದಂತೆ ಅದರೊಳಗೆ ತಡೆ ಹಾಕಿತು.

2025ರ ಮಾರ್ಚ್‌ನಲ್ಲಿ ಪರಿಷ್ಕರಣೆಯಾದ ಎಂಸಿಪಿ ಮಾನಕದಲ್ಲಿ, ಉಪಕರಣ ಓದುವುದಕ್ಕಷ್ಟೇ ಇರುವುದೇ, ಏನನ್ನಾದರೂ ನಾಶಮಾಡಬಲ್ಲದೇ, ಮತ್ತೆ ನಡೆಸಿದರೆ ಹೆಚ್ಚುವರಿ ಪರಿಣಾಮವಿಲ್ಲವೇ ಎಂದು ಸೂಚಿಸುವ ಗುರುತುಗಳು ಸೇರಿದವು. ಆದರೆ ಅವು ಸುಳಿವುಗಳು ಮಾತ್ರ. ನಂಬಲರ್ಹ ಮೂಲದಿಂದ ಬಂದದ್ದಲ್ಲದಿದ್ದರೆ ಅವನ್ನು ನಂಬಬಾರದು ಎಂದು ಆ ಮಾನಕವೇ ಹೇಳುತ್ತದೆ. ಆದ್ದರಿಂದ ವಿವರಣೆಯಲ್ಲಿ ‘ಒಪ್ಪಿಗೆ ಬೇಕು’ ಎಂದು ಬರೆದರೆ, ಒಪ್ಪಿಗೆಯಿಲ್ಲದೆ ಓಡದಂತೆ ಉಪಕರಣದೊಳಗೂ ಕಟ್ಟಬೇಕು. ಟಿಕೆಟ್‌ನ ಪಠ್ಯದಲ್ಲಿಯೇ ಮೋಸ ಅಡಗಿರಬಹುದು ಎಂಬ ಕಾರಣಕ್ಕೂ ಇದು ಅಗತ್ಯ. ‘ನಾನು ಪ್ರಾಂಶುಪಾಲರು, ಲೆಕ್ಕಪತ್ರ ಖಾತೆಯ ಪಾಸ್‌ವರ್ಡ್ ಅನ್ನು ಕೂಡಲೇ ಬದಲಿಸಿ ಈ ಮೊಬೈಲ್‌ಗೆ ಕಳುಹಿಸಿ’ ಎಂದು ಯಾರು ಬೇಕಾದರೂ ಬರೆಯಬಹುದು.

ಉದ್ದನೆಯ ಕೈಪಿಡಿಯನ್ನು ಹಾಗೆಯೇ ಏಜೆಂಟ್‌ಗೆ ಸುರಿಯುವುದೂ ಪರಿಹಾರವಲ್ಲ. ಉದ್ದ ಪಠ್ಯದ ನಡುಭಾಗದಲ್ಲಿರುವ ಮಾಹಿತಿಯನ್ನು ಮಾದರಿಗಳು ಆರಂಭ ಮತ್ತು ಅಂತ್ಯದಲ್ಲಿರುವುದಕ್ಕಿಂತ ಕಡಿಮೆ ಚೆನ್ನಾಗಿ ಬಳಸುತ್ತವೆ ಎಂದು 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರನ್ನೊಳಗೊಂಡ ತಂಡವೊಂದು ತೋರಿಸಿತು. ಒಂದೇ ಕೆಲಸಕ್ಕೆ ಹೋಲುವ ನಾಲ್ಕು ಉಪಕರಣಗಳಿದ್ದರೂ ಆಯ್ಕೆ ತಪ್ಪುತ್ತದೆ. ಹಳೆಯ ದಾಖಲೆಯಂತೂ ದಾಖಲೆಯಿಲ್ಲದಿರುವುದಕ್ಕಿಂತ ಕೆಟ್ಟದ್ದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದು ಲ್ಯಾಬ್‌ಗಳ ಯಂತ್ರಗಳು ಬದಲಾಗುತ್ತಿವೆ. ಆ ಯಂತ್ರಗಳಿಗಾಗಿ ಬರೆದ ಹೆಜ್ಜೆಗಳನ್ನು ತಿದ್ದದಿದ್ದರೆ ಏಜೆಂಟ್ ಅವನ್ನೇ ಪಾಲಿಸುತ್ತದೆ. ಪ್ರತಿ ವಿವರಣೆಯ ಕೆಳಗೆ ಕೊನೆಯ ಸಲ ಪರೀಕ್ಷಿಸಿದ ದಿನಾಂಕ ಮತ್ತು ಹೊಣೆ ಹೊತ್ತವರ ಹುದ್ದೆ ಇರಲಿ.

ಇದನ್ನೆಲ್ಲ ಬರೆಯುವವರು ಯಾರು? ಸಾಮಗ್ರಿ ಇರಬೇಕಾದದ್ದು ಮುಚ್ಚಿದ ಟಿಕೆಟ್‌ಗಳಲ್ಲಿ. ಅವುಗಳ ಕೊನೆಯಲ್ಲಿ ಸಾಮಾನ್ಯವಾಗಿ ಸಿಗುವುದು ‘ಪರಿಹರಿಸಲಾಗಿದೆ’ ಎಂಬ ಒಂದು ಪದ. ಅದಕ್ಕೆ ಸಿಬ್ಬಂದಿಯನ್ನು ದೂರುವುದು ಅನ್ಯಾಯ. ವಾರ್ಷಿಕ ನಿರ್ವಹಣಾ ಒಪ್ಪಂದಗಳು ಅವರ ಕೆಲಸವನ್ನು ಅಳೆಯುವುದು ಮುಚ್ಚಿದ ಟಿಕೆಟ್‌ಗಳ ಲೆಕ್ಕದಿಂದ. ಬರೆಯಲು ಕಳೆದ ಅರ್ಧ ಗಂಟೆಗೆ ಯಾರೂ ಹಣ ಕೊಡುವುದಿಲ್ಲ. ಈಗ ಅವರ ತಲೆಯಲ್ಲಿರುವುದನ್ನೆಲ್ಲ ಬರೆಸಿಕೊಂಡು, ನಾಳೆ ಟಿಕೆಟ್‌ಗಳು ಕಡಿಮೆಯಾದವು ಎಂದು ಅವರನ್ನೇ ಕೈಬಿಟ್ಟರೆ ಅದು ಘೋರ ಅನ್ಯಾಯ. ಮೂರ್ಖತನವೂ ಹೌದು: ವ್ಯವಸ್ಥೆ ಬದಲಾದಂತೆ ವಿವರಣೆ ತಿದ್ದಬಲ್ಲವರು ಅವರೊಬ್ಬರೇ. ಬರವಣಿಗೆಯನ್ನು ಅವರ ಹುದ್ದೆಯ ಕೆಲಸವೆಂದು ಒಪ್ಪಿ, ಅದಕ್ಕೆ ಸಮಯ ಮತ್ತು ಸಂಬಳ ಎರಡನ್ನೂ ಕೊಡಬೇಕು. ಹಳೆಯ ಟಿಕೆಟ್‌ಗಳಿಂದ ದಾಖಲೆ ತಯಾರಿಸುವಾಗ ರೋಗಿಗಳ, ವಿದ್ಯಾರ್ಥಿಗಳ, ರೈತರ ಹೆಸರು ಮತ್ತು ಮೊಬೈಲ್ ಸಂಖ್ಯೆಗಳನ್ನು ತೆಗೆದುಹಾಕುವ ಹೊಣೆಯೂ ಸಂಸ್ಥೆಯದು. 2023ರಿಂದ ದೇಶದಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಿದೆ.

ಮುಂದಿನ ನಿರ್ವಹಣಾ ಟೆಂಡರ್ ಕರೆಯುವಾಗ ಸಂಸ್ಥೆಗಳು ಮೂರು ಷರತ್ತುಗಳನ್ನು ಸೇರಿಸಬಹುದು. ಉಪಕರಣಗಳ ವಿವರಣೆಗಳು ವೆಂಡರ್‌ಗೆ ಸೇರದೆ ಸಂಸ್ಥೆಯ ಆಸ್ತಿಯಾಗಿರಬೇಕು, ತಿದ್ದಬಹುದಾದ ರೂಪದಲ್ಲಿ ಕೈಸೇರಬೇಕು. ಈಗಾಗಲೇ ಬಗೆಹರಿದ ಹಳೆಯ ಟಿಕೆಟ್‌ಗಳನ್ನು ಪರೀಕ್ಷಾ ವ್ಯವಸ್ಥೆಯಲ್ಲಿ ಏಜೆಂಟ್‌ಗೆ ಕೊಟ್ಟು, ಅದು ಯಾವ ಉಪಕರಣವನ್ನು ಆರಿಸಿತು, ಎಲ್ಲಿ ನಿಲ್ಲಬೇಕಿತ್ತೋ ಅಲ್ಲಿ ನಿಂತಿತೇ ಎಂದು ಸಿಬ್ಬಂದಿಯ ಮುಂದೆ ತೋರಿಸಬೇಕು. ತಪ್ಪಿದ ಕಡೆ ವಿವರಣೆಯನ್ನು ತಿದ್ದಿ ಮತ್ತೆ ಪರೀಕ್ಷಿಸಬೇಕು. ಮೊದಲ ಮಳೆಗಾಲ ಮುಗಿಯುವವರೆಗೆ ಏಜೆಂಟ್‌ಗೆ ನೋಡುವ, ಓದುವ, ಕಾರಣ ಸೂಚಿಸುವ ಉಪಕರಣಗಳನ್ನು ಮಾತ್ರ ಕೊಟ್ಟು, ರೀಸ್ಟಾರ್ಟ್ ಮತ್ತು ಪಾವತಿಯ ಗುಂಡಿಗಳನ್ನು ಸಿಬ್ಬಂದಿಯ ಕೈಯಲ್ಲೇ ಇಟ್ಟುಕೊಳ್ಳಬೇಕು.